ಬೂದುನೀರು ಘಟಕಗಳಲ್ಲಿ ಮರಳಿನ ಶೇಖರಣೆ: ಮೊದಲ ತೊಟ್ಟಿಯ ನಿರ್ವಹಣೆ ಕುರಿತು

(ಗ್ರಾಮ ಪಂಚಾಯತ್ ಚುನಾಯಿತ ಪ್ರತಿನಿಧಿಗಳು, ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳು, ಕಿರಿಯ ಇಂಜಿನಿಯರ್‌ಗಳು, ನೀರುಗಂಟಿಗಳು ಹಾಗೂ ಸ್ವಚ್ಛತಾ ಸಿಬ್ಬಂದಿಗಾಗಿ ಏರ್ಪಡಿಸಿದ್ದ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಬೂದುನೀರು ಸಂಸ್ಕರಣಾ ಘಟಕವೊಂದು ಉದ್ಘಾಟನೆಯಾದ ದಿನ ಎಲ್ಲರೂ ಹೋಗಿ ನಿಲ್ಲುವುದು ಘಟಕದ ಕೊನೆಯಲ್ಲಿ. ಜಲ್ಲಿಯ ಹಾಸಿನ ಮೇಲೆ ನೆಟ್ಟ ಕಾಬಾಳೆ ಗಿಡಗಳು, ಕೊಳವೆಯಿಂದ ಹೊರಬೀಳುವ ತಿಳಿಯಾದ ನೀರು, ಅದರ ಪಕ್ಕದಲ್ಲಿ ನಾಮಫಲಕ. ಛಾಯಾಚಿತ್ರಗಳೂ ಅಲ್ಲಿಯೇ ತೆಗೆಯಲ್ಪಡುತ್ತವೆ. ಘಟಕದ ಇನ್ನೊಂದು ತುದಿಯಲ್ಲಿ, ಊರಿನ ಚರಂಡಿ ಬಂದು ಸೇರುವ ಜಾಗದಲ್ಲಿ ಇರುವ ಸಣ್ಣ ತೊಟ್ಟಿಯ ಬಳಿಗೆ ಯಾರೂ ಹೋಗುವುದಿಲ್ಲ. ಅಂದಾಜು ಪಟ್ಟಿಯಲ್ಲಿ ಅದನ್ನು ‘ಸಿಲ್ಟ್ ಚೇಂಬರ್’ ಎಂದೋ ‘ಗ್ರಿಟ್ ಚೇಂಬರ್’ ಎಂದೋ ಒಂದು ಸಾಲಿನಲ್ಲಿ ನಮೂದಿಸಿರಲಾಗುತ್ತದೆ. ಈ ಉಪನ್ಯಾಸವು ಸಂಪೂರ್ಣವಾಗಿ ಆ ಒಂದು ಸಾಲಿಗೆ ಸಂಬಂಧಿಸಿದ್ದಾಗಿದೆ. ಘಟಕವು ಹತ್ತು ವರ್ಷ ನಡೆಯುವುದೋ ಮೂರನೆಯ ಮಳೆಗಾಲಕ್ಕೆ ನಿಲ್ಲುವುದೋ ಎಂಬುದು ಬಹುಮಟ್ಟಿಗೆ ಆ ತೊಟ್ಟಿಯಲ್ಲಿ ನಿರ್ಧಾರವಾಗುತ್ತದೆ. ಅದಕ್ಕಿಂತ ಗಂಭೀರವಾದ ಇನ್ನೊಂದು ವಿಷಯವೂ ಅಲ್ಲಿಯೇ ನಿರ್ಧಾರವಾಗುತ್ತದೆ. ಅದು ಮುಂದೆ ಬರುತ್ತದೆ.

ಬಚ್ಚಲು ಮತ್ತು ಅಡುಗೆಮನೆಯ ನೀರಿನಲ್ಲಿ ಮರಳು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಸಹಜ. ಪಾತ್ರೆ ಉಜ್ಜುವ ಬೂದಿ ಮತ್ತು ಇಟ್ಟಿಗೆಪುಡಿ, ಅಕ್ಕಿ–ಬೇಳೆ ತೊಳೆದಾಗ ಉಳಿಯುವ ಕಲ್ಲು, ಹೊಲದಿಂದ ಬಂದವರು ಕಾಲು ತೊಳೆದ ಮಣ್ಣು, ದನದ ಕೊಟ್ಟಿಗೆ ತೊಳೆದ ನೀರು, ಬೆಳಗಿನ ಅಂಗಳಕ್ಕೆ ಹಾಕಿ ಮರುದಿನ ತೊಳೆದುಬಿಡುವ ರಂಗೋಲಿ ಇವೆಲ್ಲವೂ ಚರಂಡಿಗೆ ಸೇರುತ್ತವೆ. ರಂಗೋಲಿ ಪುಡಿಯೂ ಬಹುತೇಕ ಕಲ್ಲಿನ ಪುಡಿಯೇ. ಇದರ ಮೇಲೆ ರಸ್ತೆಯ ಮಣ್ಣು, ಟ್ರ್ಯಾಕ್ಟರ್ ಚಕ್ರಗಳಿಂದ ಉದುರುವ ಮಣ್ಣು, ಹಾಗೂ ಮನೆ ಕಟ್ಟುವವರು ಚರಂಡಿಯ ಅಂಚಿಗೇ ಸುರಿದ ಎಂ–ಸ್ಯಾಂಡ್ ರಾಶಿ. ಮೊದಲ ಮಳೆಗೆ ಆ ರಾಶಿಯ ಒಂದು ಭಾಗ ಘಟಕದ ದಾರಿ ಹಿಡಿಯುತ್ತದೆ.

ಈ ವಸ್ತುಗಳಿಗೆ ಒಂದು ಸಮಾನ ಗುಣವಿದೆ. ಇವು ಕೊಳೆಯುವುದಿಲ್ಲ. ಅನ್ನದ ಅಗುಳು, ಸೋಪಿನ ಜಿಡ್ಡು, ತರಕಾರಿ ಸಿಪ್ಪೆ ಮುಂತಾದವನ್ನು ಸೂಕ್ಷ್ಮಜೀವಿಗಳು ಕಾಲಕ್ರಮದಲ್ಲಿ ಕರಗಿಸುತ್ತವೆ. ಘಟಕದ ಇಡೀ ವಿನ್ಯಾಸ ಆ ಜೀವಿಗಳ ಕೆಲಸವನ್ನೇ ನೆಚ್ಚಿಕೊಂಡಿದೆ. ಮರಳಿನ ಮೇಲೆ ಯಾವ ಜೀವಿಯ ಆಟವೂ ನಡೆಯದು. ಒಳಗೆ ಬಂದ ಪ್ರತಿ ಹಿಡಿ ಮರಳು ಯಾರಾದರೂ ಹೊರತೆಗೆಯುವವರೆಗೆ ಒಳಗೇ ಇರುತ್ತದೆ. ಆದ್ದರಿಂದ ಅದನ್ನು ಎಲ್ಲಿಂದ, ಯಾವಾಗ, ಯಾವ ವಿಧಾನದಿಂದ ತೆಗೆಯಬೇಕು ಎಂಬ ಆಯ್ಕೆ ಮಾತ್ರ ಪಂಚಾಯತ್‌ನ ಕೈಯಲ್ಲಿದೆ.

ಮರಳನ್ನು ಬೇರ್ಪಡಿಸುವ ವಿದ್ಯೆ ಹಳ್ಳಿಯ ಮನೆಗಳಿಗೆ ಹೊಸದಲ್ಲ. ಕಲ್ಲು ಬೆರೆತ ಧಾನ್ಯವನ್ನು ಅಗಲವಾದ ಪಾತ್ರೆಯಲ್ಲಿ ನೀರು ಹಾಕಿ ಜಾಲಿಸುವ ಹೆಣ್ಣುಮಗಳು ನೀರನ್ನು ಒಂದು ಹದವಾದ ವೇಗದಲ್ಲಿ ಆಡಿಸುತ್ತಾಳೆ. ವೇಗ ಹೆಚ್ಚಾದರೆ ಕಾಳಿನ ಜೊತೆ ಕಲ್ಲೂ ಹಾರುತ್ತದೆ. ಕಡಿಮೆಯಾದರೆ ಕಲ್ಲಿನ ಜೊತೆ ಕಾಳೂ ತಳಕ್ಕೆ ಕೂರುತ್ತದೆ. ಗ್ರಿಟ್ ಚೇಂಬರ್ ಮಾಡುವುದೂ ಇದನ್ನೇ. ಮರಳಿನ ಕಣ ನೀರಿಗಿಂತ ಸುಮಾರು 2.65 ಪಟ್ಟು ಭಾರ. 0.2 ಮಿಲಿಮೀಟರ್ ಗಾತ್ರದ ಕಣ ನಿಂತ ನೀರಿನಲ್ಲಿ ಸೆಕೆಂಡಿಗೆ ಸರಿಸುಮಾರು 2 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಹಗುರವಾದ ಆಹಾರದ ಚೂರುಗಳು ಅದಕ್ಕಿಂತ ಬಹಳ ನಿಧಾನವಾಗಿ ಇಳಿಯುತ್ತವೆ. ನೀರಿನ ಹರಿವನ್ನು ಸೆಕೆಂಡಿಗೆ 15ರಿಂದ 30 ಸೆಂಟಿಮೀಟರ್ ವೇಗದಲ್ಲಿಟ್ಟರೆ ಮರಳು ತಳಕ್ಕೆ ಕೂರುತ್ತದೆ, ಉಳಿದದ್ದು ಮುಂದೆ ಸಾಗುತ್ತದೆ.

ಇದಕ್ಕೆ ಬೇಕಾಗುವ ತೊಟ್ಟಿ ಎಷ್ಟು ದೊಡ್ಡದು ಎಂಬುದನ್ನು ಲೆಕ್ಕ ಹಾಕಿಯೇ ನೋಡುವುದು ಉಚಿತ. 2,000 ಜನಸಂಖ್ಯೆಯ ಒಂದು ಗ್ರಾಮವನ್ನು ಭಾವಿಸಿಕೊಳ್ಳಬಹುದು. ಜಲ ಜೀವನ್ ಮಿಷನ್ನಿನ ಮಾನದಂಡದಂತೆ ತಲಾ ದಿನಕ್ಕೆ 55 ಲೀಟರ್ ನೀರು, ಅದರಲ್ಲಿ ಶೇ. 80ರಷ್ಟು ಚರಂಡಿಗೆ ಬರುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 88,000 ಲೀಟರ್. ಸರಾಸರಿ ಸೆಕೆಂಡಿಗೆ 1 ಲೀಟರ್. ನಲ್ಲಿಯಲ್ಲಿ ನೀರು ಬಂದು ಎಲ್ಲ ಮನೆಗಳಲ್ಲೂ ಬಟ್ಟೆ, ಪಾತ್ರೆ, ಸ್ನಾನ ಒಟ್ಟಿಗೆ ನಡೆಯುವ ಬೆಳಗಿನ ಹೊತ್ತಿನಲ್ಲಿ ಇದು ಮೂರು ಪಟ್ಟಾಗಬಹುದು, ಅಂದರೆ 3 ಲೀಟರ್. 15 ಸೆಂಟಿಮೀಟರ್ ಅಗಲದ ಕಾಲುವೆಯಲ್ಲಿ 10 ಸೆಂಟಿಮೀಟರ್ ಆಳದ ನೀರು ಸೆಕೆಂಡಿಗೆ 20 ಸೆಂಟಿಮೀಟರ್ ವೇಗದಲ್ಲಿ ಹರಿದರೆ ಸರಿಯಾಗಿ ಈ 3 ಲೀಟರ್ ಸಾಗುತ್ತದೆ. ಮೇಲ್ಮೈಯಲ್ಲಿರುವ ಮರಳಿನ ಕಣ 10 ಸೆಂಟಿಮೀಟರ್ ಇಳಿಯಲು 5 ಸೆಕೆಂಡು ಬೇಕು. ಅಷ್ಟರಲ್ಲಿ ನೀರು 1 ಮೀಟರ್ ಮುಂದೆ ಹೋಗಿರುತ್ತದೆ. ನೀರಿನ ಸುಳಿ, ಅಡಚಣೆಗಳಿಗಾಗಿ ಇದನ್ನು ಇಮ್ಮಡಿ ಮಾಡಿದರೂ ಕಾಲುವೆಯ ಉದ್ದ 2 ಮೀಟರ್. ಎರಡು ಸಾವಿರ ಜನರ ಊರಿಗೆ ಬೇಕಾದ ಗ್ರಿಟ್ ಚೇಂಬರ್ ಒಂದು ಮಂಚಕ್ಕಿಂತ ಹೆಚ್ಚು ಉದ್ದವಿಲ್ಲ.

ಆದರೆ ಕಾಲುವೆ ಮಾತ್ರ ಸಾಲದು, ಕೂತ ಮರಳು ನಿಲ್ಲಲು ಅದರ ತಳದಲ್ಲಿ ಗುಂಡಿ ಬೇಕು. ಅದೇ ಅಗಲ, ಅದೇ ಉದ್ದಕ್ಕೆ 30 ಸೆಂಟಿಮೀಟರ್ ಆಳದ ಗುಂಡಿ ಇಟ್ಟರೆ 90 ಲೀಟರ್ ಮರಳು ಹಿಡಿಸುತ್ತದೆ. ಪ್ರತಿ ಸಾವಿರ ಲೀಟರ್ ನೀರಿನಲ್ಲಿ 50 ಮಿಲಿಲೀಟರ್ ಮರಳು, ಎಂದರೆ ಒಂದು ಸಣ್ಣ ಲೋಟದಷ್ಟಕ್ಕಿಂತಲೂ ಕಡಿಮೆ ಇದೆ ಎಂದು ಊಹಿಸಿದರೂ ದಿನಕ್ಕೆ 4.4 ಲೀಟರ್ ಬಂದು ಸೇರುತ್ತದೆ. ಗುಂಡಿ ತುಂಬಲು ಇಪ್ಪತ್ತು ದಿನ ಸಾಕು. ತುಂಬಿದ ಮೇಲೆ ತೊಟ್ಟಿ ಕಣ್ಣಿಗೆ ಮೊದಲಿನಂತೆಯೇ ಕಾಣುತ್ತದೆ; ನೀರು ಬರುತ್ತದೆ, ನೀರು ಹೋಗುತ್ತದೆ. ಮರಳು ಮಾತ್ರ ಅಲ್ಲಿ ನಿಲ್ಲದೆ ಮುಂದಿನ ತೊಟ್ಟಿಗೆ ಇಳಿಯುತ್ತಿರುತ್ತದೆ. ಈ ಸದ್ದಿಲ್ಲದ ವೈಫಲ್ಯವೇ ಇಡೀ ವಿಷಯದ ಕಷ್ಟ. ಪಂಪು ಕೆಟ್ಟರೆ ದೂರು ಬರುತ್ತದೆ. ಗ್ರಿಟ್ ಚೇಂಬರ್ ತುಂಬಿದರೆ ಯಾರೂ ದೂರು ಕೊಡುವುದಿಲ್ಲ.

ಮಳೆಗಾಲದ ಲೆಕ್ಕವೇ ಬೇರೆ. ಗಂಟೆಗೆ 20 ಮಿಲಿಮೀಟರ್ ಮಳೆ ಊರಿನ ಕೇವಲ ಒಂದು ಹೆಕ್ಟೇರ್ ಜಾಗದ ಮೇಲೆ ಬಿದ್ದು ಅದರ ಅರ್ಧ ನೀರು ಚರಂಡಿಗೆ ಹರಿದರೆ ಸೆಕೆಂಡಿಗೆ ಸುಮಾರು 28 ಲೀಟರ್ ಆಗುತ್ತದೆ. 3 ಲೀಟರಿಗೆ ಕಟ್ಟಿದ ಕಾಲುವೆಗೆ ಒಂಬತ್ತು ಪಟ್ಟು ಹೆಚ್ಚು ನೀರು. ಆಗ ಹೊಸ ಮರಳು ಕೂರದಿರುವುದು ಮಾತ್ರವಲ್ಲ, ಮೊದಲೇ ಕೂತಿದ್ದ ಮರಳೂ ಎದ್ದು ಘಟಕದೊಳಗೆ ನುಗ್ಗುತ್ತದೆ. ಆದ್ದರಿಂದ ಚೇಂಬರಿಗಿಂತ ಮುಂಚೆಯೇ ಚರಂಡಿಯ ಗೋಡೆಯಲ್ಲಿ ತಗ್ಗಾದ ಒಂದು ಕಟ್ಟೆಯಿಟ್ಟು ಹೆಚ್ಚುವರಿ ನೀರು ನೇರವಾಗಿ ಹಳ್ಳಕ್ಕೆ ಹೋಗುವ ದಾರಿಯನ್ನು ಕಲ್ಪಿಸತಕ್ಕದ್ದು. ಈ ಹೊರದಾರಿ ಅನೇಕ ನಕ್ಷೆಗಳಲ್ಲಿ ಇರುತ್ತದೆ. ಸ್ಥಳದಲ್ಲಿ ಮಾತ್ರ ಜಾಗದ ಅಭಾವದಿಂದಲೋ ಪಕ್ಕದ ಜಮೀನಿನವರ ಆಕ್ಷೇಪಣೆಯಿಂದಲೋ ಬಿಟ್ಟುಹೋಗಿರುತ್ತದೆ. ಅಂತಹ ಕಡೆ ಘಟಕದ ಆಯುಷ್ಯವನ್ನು ಮಳೆಯೇ ತೀರ್ಮಾನಿಸುತ್ತದೆ.

ಇಷ್ಟರ ಮೇಲೂ ಮರಳು ಒಳಹೋದರೆ ಆಗುವುದೇನು? ಮೇಲಿನ ಉದಾಹರಣೆಯಲ್ಲಿ ದಿನಕ್ಕೆ 4.4 ಲೀಟರ್ ಎಂದರೆ ವರ್ಷಕ್ಕೆ 1.6 ಘನ ಮೀಟರ್, ತೂಕದಲ್ಲಿ ಎರಡೂವರೆ ಟನ್ ಆಸುಪಾಸು. ಮೊದಲ ಹಂತದ ತಿಳಿತೊಟ್ಟಿಯ ಸಾಮರ್ಥ್ಯ 10,000 ಲೀಟರ್ ಎಂದಾದರೆ ಮೂರು ವರ್ಷದಲ್ಲಿ ಅದರ ಹತ್ತಿರ ಹತ್ತಿರ ಅರ್ಧ ಮರಳಿನಿಂದ ತುಂಬುತ್ತದೆ. ನೀರು ತೊಟ್ಟಿಯಲ್ಲಿ ನಿಲ್ಲಬೇಕಾದ ಅವಧಿ ಅರ್ಧಕ್ಕಿಳಿಯುತ್ತದೆ. ಕೆಸರು ಮುಂದಿನ ಕೋಣೆಗಳಿಗೆ, ಅಲ್ಲಿಂದ ಜಲ್ಲಿಯ ಹಾಸಿಗೆ ಹೋಗುತ್ತದೆ. ಜಲ್ಲಿಯ ಸಂದುಗಳು ಮುಚ್ಚುತ್ತವೆ. ನೀರು ಹಾಸಿನ ಮೇಲೆಯೇ ನಿಂತು ಸೊಳ್ಳೆಗಳಾಗುತ್ತವೆ. ಪಂಪಿರುವ ಘಟಕಗಳಲ್ಲಿ ಮರಳು ಅದರ ಇಂಪೆಲ್ಲರ್ ಅನ್ನು ಸಾಣೆ ಹಿಡಿದಂತೆ ಸವೆಸುತ್ತದೆ. ಗಾಳಿ ಊದುವ ಘಟಕಗಳಲ್ಲಿ ತಳದ ಡಿಫ್ಯೂಸರ್‌ಗಳನ್ನು ಹೂಳುತ್ತದೆ. ಆಗ ಸಾಮಾನ್ಯವಾಗಿ ಕೇಳಿಬರುವ ಮಾತು, ‘ಈ ತಂತ್ರಜ್ಞಾನವೇ ಸರಿಯಿಲ್ಲ’ ಎಂಬುದು. ತಂತ್ರಜ್ಞಾನದ ಮೇಲೆ ಹೊರಿಸಲಾಗುವ ದೋಷಗಳಲ್ಲಿ ಸಲಿಕೆಯ ದೋಷ ಎಷ್ಟೆಂಬುದನ್ನು ಹಾಸನ್ನು ಅಗೆದು ನೋಡಿದವರು ಬಲ್ಲರು.

ಇಲ್ಲಿಯವರೆಗೆ ಹೇಳಿದ ನಷ್ಟವೆಲ್ಲ ಹಣದ ನಷ್ಟ. ಮುಂದಿನದು ಹಾಗಲ್ಲ.

ತೊಟ್ಟಿ ತುಂಬಿದಾಗ ಪಂಚಾಯತ್ ಸಕ್ಕಿಂಗ್ ಯಂತ್ರದ ವಾಹನವನ್ನು ತರಿಸುತ್ತದೆ. ಯಂತ್ರ ನೀರನ್ನೂ ತೆಳುವಾದ ಕೆಸರನ್ನೂ ಎಳೆದುಕೊಳ್ಳುತ್ತದೆ. ಆದರೆ ಕೂದಲು, ಜಿಡ್ಡು ಮತ್ತು ಸೋಪಿನ ಅಂಟಿನೊಡನೆ ಎರಡು ಮೂರು ವರ್ಷ ಒತ್ತಿ ಕೂತ ಮರಳು ಗಾರೆಯಂತಾಗಿರುತ್ತದೆ. ಅದು ಕೊಳವೆಗೆ ಏರುವುದಿಲ್ಲ. ವಾಹನದವರು ಬಾಡಿಗೆ ಪಡೆದು ಹೊರಡುತ್ತಾರೆ. ತಳದಲ್ಲಿ ಮೊಣಕಾಲುದ್ದದ ಮರಳು ಉಳಿದಿರುತ್ತದೆ. ನೀರು ಹೇಗೂ ಖಾಲಿಯಾಗಿದೆ, ಇದು ಬೂದುನೀರಿನ ತೊಟ್ಟಿಯೇ ಹೊರತು ಶೌಚದ ಗುಂಡಿಯಲ್ಲ, ಅರ್ಧ ಗಂಟೆಯ ಕೆಲಸ, ಒಬ್ಬರು ಬುಟ್ಟಿ ಹಿಡಿದು ಇಳಿದರೆ ಮುಗಿಯಿತು ಎಂಬ ಮಾತು ಹುಟ್ಟುವುದು ಈ ಗಳಿಗೆಯಲ್ಲಿ.

ಆ ಮಾತಿನಲ್ಲಿರುವ ಪ್ರತಿಯೊಂದು ಅಂಶವೂ ತಪ್ಪು. ಮುಚ್ಚಿದ ತೊಟ್ಟಿಯಲ್ಲಿ ನಿಂತ ಬೂದುನೀರೂ ಗಾಳಿಯಿಲ್ಲದೆ ಕೊಳೆಯುತ್ತದೆ. ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಕೆಸರು–ಮರಳಿನ ಪದರದಲ್ಲಿ ಸೆರೆಯಾಗಿದ್ದು, ಸಲಿಕೆ ತಾಗಿದೊಡನೆ ಬಿಡುಗಡೆಯಾಗುತ್ತದೆ. ಅದು ಗಾಳಿಗಿಂತ ಭಾರ, ಆದ್ದರಿಂದ ತಳದಲ್ಲಿಯೇ ನಿಲ್ಲುತ್ತದೆ. ಕೊಳೆತ ಮೊಟ್ಟೆಯ ವಾಸನೆಯಿಂದ ಅದನ್ನು ಗುರುತಿಸಬಹುದು ಎಂಬ ಧೈರ್ಯ ಅತ್ಯಂತ ಅಪಾಯಕಾರಿ: ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 100 ಭಾಗದಷ್ಟಾದಾಗ ಅದು ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ನಿಂತಿತು ಎಂದರೆ ಅನಿಲ ಹೋಯಿತೆಂದಲ್ಲ. ಇನ್ನೂ ಹೆಚ್ಚಾದಲ್ಲಿ ಕೆಲವೇ ಉಸಿರುಗಳಲ್ಲಿ ಮನುಷ್ಯ ಕುಸಿಯುತ್ತಾನೆ. ಒಬ್ಬರು ಕುಸಿದದ್ದನ್ನು ಕಂಡು ಎತ್ತಲು ಇಳಿದ ಎರಡನೆಯವರೂ ಮೂರನೆಯವರೂ ಪ್ರಾಣ ಕಳೆದುಕೊಂಡ ದುರ್ಘಟನೆಗಳು ದೇಶದ ನಾನಾ ಕಡೆ ಮತ್ತೆ ಮತ್ತೆ ವರದಿಯಾಗಿವೆ.

ಮಲ ಹೊರುವ ವೃತ್ತಿಯ ನಿಷೇಧ ಮತ್ತು ಪುನರ್ವಸತಿ ಕುರಿತ 2013ರ ಕಾಯ್ದೆಯ 7ನೆಯ ಪ್ರಕರಣವು ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕುಗಳ ಅಪಾಯಕಾರಿ ಶುಚಿಕಾರ್ಯಕ್ಕೆ ಯಾವುದೇ ವ್ಯಕ್ತಿಯನ್ನು ನೇಮಿಸುವುದನ್ನು ಸ್ಥಳೀಯ ಪ್ರಾಧಿಕಾರಗಳನ್ನೂ ಹೆಸರಿಸಿಯೇ ನಿಷೇಧಿಸುತ್ತದೆ. ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಎಂಬ ಮಾತು ಅದರಲ್ಲಿದೆ. ಗುತ್ತಿಗೆದಾರನ ಕಡೆಯವರು ಎಂಬ ಸಮಜಾಯಿಷಿಗೆ ಅಲ್ಲಿ ಜಾಗವಿಲ್ಲ. ಮೊದಲ ಬಾರಿಯ ಉಲ್ಲಂಘನೆಗೇ ಎರಡು ವರ್ಷದವರೆಗೆ ಕಾರಾಗೃಹವಾಸ, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಂತಹ ಸಾವಿನ ಪ್ರಕರಣಗಳಲ್ಲಿ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು 2014ರ ಮಾರ್ಚ್ 27ರಂದು ಆದೇಶಿಸಿದ್ದ ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಬೂದುನೀರಿನ ತೊಟ್ಟಿ ಕಾಯ್ದೆಯ ವ್ಯಾಖ್ಯೆಯೊಳಗೆ ಬರುವುದೋ ಇಲ್ಲವೋ ಎಂಬ ಚರ್ಚೆ ವಕೀಲರಿಗೆ ಬಿಟ್ಟದ್ದು. ತಳದಲ್ಲಿರುವ ಅನಿಲಕ್ಕೆ ಆ ವ್ಯತ್ಯಾಸ ತಿಳಿಯದು.

ಹೀಗೆ ಮೊದಲ ತೊಟ್ಟಿಯಿಂದ ವಾರಕ್ಕೊಮ್ಮೆ ತೆಗೆಯದ ಎರಡು ಬಾಂಡ್ಲಿ ಮರಳೇ ಮೂರು ವರ್ಷದ ನಂತರ ಒಬ್ಬ ಮನುಷ್ಯನನ್ನು ತೊಟ್ಟಿಯೊಳಗೆ ಇಳಿಸುವ ಒತ್ತಾಯವಾಗಿ ಬೆಳೆಯುತ್ತದೆ. ಮುಖಗವಸು, ಕೈಗವಸು, ಹಗ್ಗಗಳ ಬಗ್ಗೆ ಮಾತನಾಡುವುದಕ್ಕೂ ಮೊದಲು ಇಳಿಯುವ ಅಗತ್ಯವೇ ಬಾರದಂತೆ ಮಾಡುವುದು ಗ್ರಿಟ್ ಚೇಂಬರಿನ ನಿಜವಾದ ಉದ್ದೇಶವೆಂದು ತಿಳಿಯಬೇಕಾಗಿದೆ.

ಈ ದೃಷ್ಟಿಯಿಂದ ನೋಡಿದಾಗ ವಿನ್ಯಾಸದ ಕೆಲವು ಅಂಶಗಳು ತಾವಾಗಿಯೇ ಸ್ಪಷ್ಟವಾಗುತ್ತವೆ. ಚೇಂಬರಿನ ಒಟ್ಟು ಆಳ ಸಲಿಕೆಯ ಹಿಡಿಗಿಂತ ಕಡಿಮೆಯಿರಬೇಕು. ಹೊರಗೆ ನಿಂತವರ ಸಲಿಕೆ ತಳಕ್ಕೆ ಮುಟ್ಟಬೇಕು. ಚರಂಡಿಯೇ ಆಳದಲ್ಲಿ ಬರುವ ಕಡೆ ಸುತ್ತಲಿನ ನೆಲವನ್ನು ತಗ್ಗಿಸಿ ನಿಲ್ಲಲು ಕಟ್ಟೆ ಮಾಡಬೇಕೇ ವಿನಾ ಚೇಂಬರನ್ನು ಬಾವಿಯಂತೆ ಇಳಿಸಬಾರದು. ಮೇಲೆ ಭಾರವಾದ ಕಾಂಕ್ರೀಟ್ ಚಪ್ಪಡಿ ಹಾಕಿದರೆ ಅದನ್ನು ಎತ್ತಲು ನಾಲ್ವರು ಬೇಕಾಗುತ್ತಾರೆ, ನಾಲ್ವರು ಒಟ್ಟಿಗೆ ಸಿಗುವ ದಿನ ಬರುವುದೇ ಇಲ್ಲ. ಒಬ್ಬರೇ ಎತ್ತಬಲ್ಲ ಕಬ್ಬಿಣದ ಜಾಲರಿ ಮುಚ್ಚಳ ಸಾಕು, ಮಕ್ಕಳು ಬೀಳದಂತೆ ಬೀಗವಿರಲಿ. ಎಲ್ಲಕ್ಕಿಂತ ಮುಖ್ಯವಾಗಿ ಅಕ್ಕಪಕ್ಕ ಎರಡು ಕಾಲುವೆಗಳಿರಬೇಕು. ಒಂದರ ಬಾಯಿಗೆ ಹಲಗೆ ಇಳಿಸಿ ನೀರನ್ನು ಇನ್ನೊಂದಕ್ಕೆ ತಿರುಗಿಸಿದರೆ, ಮೊದಲಿನದು ಬಸಿದು ಒಣಗುತ್ತದೆ, ಮರಳು ಹಗುರಾಗುತ್ತದೆ, ತೆಗೆಯುವವರ ಮೈಗೆ ಕೊಳಚೆ ಸಿಡಿಯುವುದಿಲ್ಲ. ಎರಡನೆಯ ಕಾಲುವೆಯ ವೆಚ್ಚವನ್ನು ಉಳಿಸುವುದು ಉಳಿತಾಯವಲ್ಲ.

ಶುಚಿಗೊಳಿಸುವ ಆವರ್ತನವನ್ನು ಆಯಾ ಊರಿನ ಮಣ್ಣು ಹೇಳುತ್ತದೆ. ಅದನ್ನು ತಿಳಿಯಲು ಪ್ರಯೋಗಾಲಯ ಬೇಡ. ಒಂದು ಅಡಿ ಎತ್ತರದ ಗಾಜಿನ ಜಾಡಿಯಲ್ಲಿ ಬೆಳಗಿನ ಚರಂಡಿ ನೀರನ್ನು ತುಂಬಿ ಇಟ್ಟರೆ ಮೊದಲ ಅರ್ಧ ನಿಮಿಷದಲ್ಲಿ ತಳಕ್ಕೆ ಬೀಳುವುದು ಮರಳು. ಒಂದು ಗಂಟೆಯಲ್ಲಿ ಕೂರುವುದು ಕೊಳೆಯುವ ಕೆಸರು. ಅದು ಮುಂದಿನ ತೊಟ್ಟಿಯ ಕೆಲಸ. ಮರುದಿನವೂ ನೀರು ಬಗ್ಗಡವಾಗಿಯೇ ಉಳಿದರೆ ಅದು ಜೇಡಿ. ಕಣ ಸಣ್ಣದಾದಂತೆ ಅದು ಕೂರುವ ವೇಗ ಗಾತ್ರದ ವರ್ಗಕ್ಕೆ ಅನುಗುಣವಾಗಿ ಕುಸಿಯುತ್ತದೆಂದು 1851ರಲ್ಲಿಯೇ ಸ್ಟೋಕ್ಸ್ ಎಂಬ ಗಣಿತಜ್ಞ ತೋರಿಸಿದ್ದಾರೆ. ಎರಡು ಮೈಕ್ರಾನ್‌ನ ಜೇಡಿಕಣಕ್ಕೆ ಆ ಒಂದು ಅಡಿ ಇಳಿಯಲು ಸುಮಾರು ಒಂದು ದಿನವೇ ಬೇಕು. ಆದ್ದರಿಂದ ಉತ್ತರ ಕರ್ನಾಟಕದ ಎರೆಭೂಮಿಯ ಊರುಗಳಲ್ಲಿ ಗ್ರಿಟ್ ಚೇಂಬರಿನಿಂದ ಜೇಡಿಯನ್ನೂ ತಡೆಯಬಹುದೆಂಬ ನಿರೀಕ್ಷೆ ಇಟ್ಟುಕೊಳ್ಳಬಾರದು. ಅಲ್ಲಿ ಜಲ್ಲಿ ಹಾಸಿಗಿಂತ ತೆರೆದ ಹೊಂಡಗಳ ವ್ಯವಸ್ಥೆ ಹೆಚ್ಚು ತಾಳುತ್ತದೆ.

ಸಾಮಾನ್ಯವಾಗಿ ವಾರಕ್ಕೊಮ್ಮೆ, ಮಳೆಗಾಲದಲ್ಲಿ ಪ್ರತಿ ದೊಡ್ಡ ಮಳೆಯ ಮರುದಿನ ಗುಂಡಿಯನ್ನು ತೆರವುಗೊಳಿಸತಕ್ಕದ್ದು. ಮುಂದಿನ ತಿಳಿತೊಟ್ಟಿಯನ್ನು ತಿಂಗಳಿಗೊಮ್ಮೆ ಹೊರಗಿನಿಂದಲೇ ಉದ್ದನೆಯ ಕೋಲಿನಿಂದ ಪರೀಕ್ಷಿಸಬಹುದು. ಕೋಲು ಮೆತ್ತಗೆ ಇಳಿದರೆ ಕೆಸರು. ಕರಕರ ಎಂದು ತಡೆದು ನಿಂತರೆ ಮರಳು. ಆ ಅಳತೆಯನ್ನು ದಿನಾಂಕದೊಂದಿಗೆ ವಹಿಯಲ್ಲಿ ಬರೆಯಬೇಕು. ಆರು ತಿಂಗಳ ಅಳತೆಗಳು ಒಂದೆಡೆ ಇದ್ದರೆ ತೊಟ್ಟಿ ಯಾವಾಗ ತುಂಬುತ್ತದೆಂದು ಮೊದಲೇ ಹೇಳಬಹುದು. ಈಗಾಗಲೇ ಮರಳು ಗಟ್ಟಿಯಾಗಿರುವ ತೊಟ್ಟಿಗಳಿಗೆ ಜೆಟ್ಟಿಂಗ್ ಯಂತ್ರದಿಂದ ಮೇಲಿನಿಂದಲೇ ನೀರು ಹಾಯಿಸಿ ಸಡಿಲಿಸಿ ಹೀರಿಸಬೇಕು, ಅದಕ್ಕೂ ಜಗ್ಗದಿದ್ದರೆ ಚಪ್ಪಡಿ ಸರಿಸಿ ಜೆಸಿಬಿಯ ಬಕೆಟ್ಟಿನಿಂದ ತೆಗೆಯಬೇಕು. ದುಬಾರಿಯೆನಿಸಿದರೂ ಬೇರೆ ದಾರಿಯಿಲ್ಲ.

ತೆಗೆದ ಮರಳನ್ನು ಏನು ಮಾಡಬೇಕು? ಕೆರೆಯ ಹೂಳನ್ನು ಹೊಲಕ್ಕೆ ಹೊಡೆಯುವ ರೂಢಿಯನ್ನು ಇದಕ್ಕೆ ಅನ್ವಯಿಸಬಾರದು. ಕೆರೆಯ ಹೂಳು ಫಲವತ್ತಾದ ಮಣ್ಣು. ಇದು ಜಿಡ್ಡು, ಕೂದಲು, ಪ್ಲಾಸ್ಟಿಕ್ ಚೂರು ಬೆರೆತ ಮರಳು. ಶೌಚದ ನೀರೂ ಚರಂಡಿಗೆ ಸೇರುವ ಊರುಗಳಲ್ಲಿ ಜಂತುಹುಳದ ಮೊಟ್ಟೆಗಳೂ ಇರುತ್ತವೆ. ಮರಳು ದುಬಾರಿಯಾಗಿರುವ ಈ ದಿನಗಳಲ್ಲಿ ಇದನ್ನು ಗಾರೆಗೆ ಬಳಸುವ ಆಸೆ ಯಾರಿಗಾದರೂ ಬಂದೀತು. ಜಿಡ್ಡಿರುವ ಮರಳಿಗೆ ಸಿಮೆಂಟು ಸರಿಯಾಗಿ ಹಿಡಿಯುವುದಿಲ್ಲ. ಚೇಂಬರಿನ ಪಕ್ಕದಲ್ಲಿಯೇ ಇಳಿಜಾರಾದ ಸಣ್ಣ ಕಟ್ಟೆ ಕಟ್ಟಿ, ಬಸಿದ ನೀರು ಮರಳಿ ಕಾಲುವೆಗೆ ಬೀಳುವಂತೆ ಮಾಡಿ, ಒಣಗಿದ ಮೇಲೆ ಕುಡಿಯುವ ನೀರಿನ ಮೂಲಗಳಿಂದ ದೂರದ ತಗ್ಗು ಜಾಗಕ್ಕೆ ತುಂಬಿ ಮೇಲೆ ಮಣ್ಣು ಮುಚ್ಚುವುದು ಸೂಕ್ತ. ಚರಂಡಿಯಿಂದ ತೆಗೆದು ಚರಂಡಿಯ ದಡದಲ್ಲಿಯೇ ರಾಶಿ ಹಾಕಿದರೆ ಮುಂದಿನ ಮಳೆಗೆ ಅದೇ ಮರಳನ್ನು ಎರಡನೆಯ ಸಲ ತೆಗೆಯಬೇಕಾಗುತ್ತದೆ.

ಮನೆಮನೆಯ ಬಚ್ಚಲು ಗುಂಡಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಗುಂಡಿಗೆ ತುಂಬಿದ ಕಲ್ಲುಗಳ ನಡುವಿನ ಸಂದಿನಲ್ಲಿಯೇ ನೀರು ನಿಂತು ಇಂಗುವುದು; ಸಂದಿಗೆ ಮರಳು ಸೇರಿದರೆ ಕಲ್ಲನ್ನೆಲ್ಲ ಹೊರತೆಗೆದು ತೊಳೆಯದೆ ಗತಿಯಿಲ್ಲ. ಗುಂಡಿಗೆ ಮುಂಚೆ ಒಂದು ಸಣ್ಣ ತೊಟ್ಟಿ, ಅದರ ಬಾಯಿಗೊಂದು ಜಾಲರಿ ಇಟ್ಟು, ಮನೆಯವರೇ ಆಗಾಗ ಚೊಂಬಿನಿಂದ ಮರಳು ತೋಡಿದರೆ ಆ ಪ್ರಮೇಯ ಬರುವುದಿಲ್ಲ. ಕಟ್ಟಡ ಪರವಾನಗಿ ನೀಡುವಾಗ ಮರಳು, ಜಲ್ಲಿಗಳನ್ನು ಚರಂಡಿಯ ಅಂಚಿನಲ್ಲಿ ಸುರಿಯಬಾರದೆಂಬ ಷರತ್ತನ್ನು ಸೇರಿಸುವುದು ಪಂಚಾಯತ್‌ಗೆ ಖರ್ಚಿಲ್ಲದ ಕೆಲಸ. ಷರತ್ತನ್ನು ಜಾರಿಗೊಳಿಸುವುದು ಅಷ್ಟು ಸುಲಭವಲ್ಲ, ಏಕೆಂದರೆ ರಾಶಿ ಹಾಕುವವರು ಹಲವು ಬಾರಿ ಸದಸ್ಯರ ನೆಂಟರೇ ಆಗಿರುತ್ತಾರೆ.

ಇನ್ನು ಹಣದ ಮಾತು. ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) ಎರಡನೆಯ ಹಂತದಲ್ಲಿ 5,000ದವರೆಗಿನ ಜನಸಂಖ್ಯೆಯ ಗ್ರಾಮಗಳ ಬೂದುನೀರು ನಿರ್ವಹಣೆಗೆ ತಲಾ 280 ರೂಪಾಯಿವರೆಗೆ ಅವಕಾಶ ನೀಡಲಾಗಿತ್ತು. 2,000 ಜನರ ಊರಿಗೆ ಇದು 5,60,000 ರೂಪಾಯಿ. ಇದು ಕಟ್ಟುವ ಹಣ. ವಾರಕ್ಕೊಮ್ಮೆ ಸಲಿಕೆ ಹಿಡಿಯುವವರ ಕೂಲಿ ಇದರಲ್ಲಿ ಸೇರಿಲ್ಲ. ಹದಿನೈದನೆಯ ಹಣಕಾಸು ಆಯೋಗದ ಅನುದಾನದಲ್ಲಿ ನೈರ್ಮಲ್ಯಕ್ಕೆಂದೇ ಕಾಯ್ದಿರಿಸಿದ ಪಾಲಿತ್ತು. ಅಂತಹ ಪಾಲು ದೊರೆತ ವರ್ಷಗಳಲ್ಲೂ ನಿರ್ವಹಣೆಗಿಂತ ಹೊಸ ಚರಂಡಿಗೇ ಹೆಚ್ಚು ಬೇಡಿಕೆ ಬರುವುದು ಕ್ರಿಯಾಯೋಜನೆ ತಯಾರಿಸುವವರಿಗೆಲ್ಲ ತಿಳಿದಿರುವ ಸಂಗತಿ. ವಾರಕ್ಕೆ ಅರ್ಧ ದಿನದ ಕೆಲಸವೆಂದು ಲೆಕ್ಕ ಹಿಡಿದರೂ ವರ್ಷಕ್ಕೆ 26 ಆಳಿನ ಕೂಲಿ. ಜೊತೆಗೆ ಒಂದು ಜೊತೆ ಗಂಬೂಟು, ಉದ್ದ ಹಿಡಿಯ ಎರಡು ಸಲಿಕೆ, ಕೈಗವಸು, ಸೋಪು. ಈ ಬಾಬನ್ನು ಕ್ರಿಯಾಯೋಜನೆಯಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಬೇಕು. ‘ಇತರೆ’ ಎಂಬ ಶೀರ್ಷಿಕೆಯಡಿ ಸೇರಿಸಿದರೆ ಅದು ಮೊದಲು ಕಡಿತವಾಗುವ ಬಾಬು ಆಗುತ್ತದೆ.

ಕೆಲಸವನ್ನು ಯಾರಿಗೆ ವಹಿಸಲಾಗಿದೆ ಎಂಬುದೂ ಲಿಖಿತವಾಗಿರಬೇಕು. ನೀರುಗಂಟಿ ಅದು ಸ್ವಚ್ಛತಾ ಸಿಬ್ಬಂದಿಯ ಕೆಲಸವೆಂದೂ, ಸ್ವಚ್ಛತಾ ಸಿಬ್ಬಂದಿ ಅದು ಘಟಕದ ಗುತ್ತಿಗೆದಾರನ ಕೆಲಸವೆಂದೂ ತಿಳಿದಿರುವಲ್ಲಿ ಮರಳು ಯಾರನ್ನೂ ಕಾಯುವುದಿಲ್ಲ. ನೇಮಕಗೊಂಡವರ ಹೆಸರು, ಶುಚಿಗೊಳಿಸಿದ ದಿನಾಂಕ, ತೆಗೆದ ಬಾಂಡ್ಲಿಗಳ ಸಂಖ್ಯೆ, ಕೋಲಿನ ಅಳತೆ ಎಂಬ ನಾಲ್ಕು ಅಂಕಣಗಳ ವಹಿಯೊಂದನ್ನು ಪ್ರತಿ ಘಟಕದಲ್ಲಿ ಇಡಬಹುದು. ಮುಂಗಾರು ಆರಂಭವಾಗುವ ಮುನ್ನ ಎಲ್ಲ ಚೇಂಬರುಗಳನ್ನು ಒಮ್ಮೆ ಪೂರ್ತಿ ಬರಿದು ಮಾಡಿ, ಮಳೆನೀರಿನ ಹೊರದಾರಿ ತೆರೆದಿದೆಯೇ ಎಂದು ಪಂಚಾಯತ್ ಅಭಿವೃದ್ಧಿ ಅಧಿಕಾರಿ ಹಾಗೂ ಕಿರಿಯ ಇಂಜಿನಿಯರ್ ಒಟ್ಟಾಗಿ ಸ್ಥಳದಲ್ಲಿ ನೋಡಿ, ಆ ವಹಿಯಲ್ಲಿಯೇ ಸಹಿ ಮಾಡುವುದು ಅಪೇಕ್ಷಣೀಯ.